ಕ್ರಾಂತಿಕಾರಿಯ ಕೋಟು

ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಅವಳ ಶಾಲೆಯಲ್ಲಿ ಜೀವಂತ ಮ್ಯೂಸಿಯಂ ಏರ್ಪಡಿಸಿದ್ದರು. ಮಕ್ಕಳು ದೊಡ್ಡ ಮನುಷ್ಯರ ವೇಷ ಹಾಕಿ ಗೊಂಬೆಗಳ ಹಾಗೆ ಅಲ್ಲಾಡದೆ ನಿಲ್ಲಬೇಕು. ಮುಂದೆ ಅಂಟಿಸಿದ ಕೆಂಪು ಕಾಗದದ ಗುಂಡಿಯನ್ನು ಯಾರಾದರೂ ಒತ್ತಿದರೆ ಮಾತಾಡಬೇಕು. ಉಳಿದವರೆಲ್ಲ ಅಧ್ಯಕ್ಷರು, ಗಗನಯಾತ್ರಿಗಳು. ನಮ್ಮವಳು ಲೈಬ್ರರಿ ಪುಸ್ತಕದಿಂದ ಹೆಕ್ಕಿದ್ದು ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಒಬ್ಬ ನಾಯಕನನ್ನು. ಬ್ರಿಟಿಷರು ಊರೆಲ್ಲ ಹುಡುಕುತ್ತಿದ್ದರೆ ಅವನು ಕೋಟು ಹ್ಯಾಟು ಹಾಕಿಕೊಂಡು ಅವರ ಕಣ್ಣೆದುರೇ ಸೈಕಲ್ ತುಳಿಯುತ್ತಿದ್ದನಂತೆ. ಅವಳಿಗೆ ಹಿಡಿಸಿದ್ದು ಆ ಸೈಕಲ್ಲು.

ಹುಬ್ಬಳ್ಳಿಯಿಂದ ಅಮೆರಿಕದ ಪ್ಲೇನೋ ಊರಿನ ನಮ್ಮ ಮನೆಗೆ ಬಂದಿದ್ದ ಮಾವನವರಿಗಂತೂ ಹಬ್ಬ. ಮೇಷ್ಟ್ರಾಗಿದ್ದಾಗ ವರ್ಷಾವರ್ಷ ವೇಷಭೂಷಣ ಸ್ಪರ್ಧೆ ನಡೆಸಿದವರು. ಕತ್ತಿಯಿಲ್ಲದ ರಾಣಿಗೆ, ಬಂದೂಕಿಲ್ಲದ ವೀರನಿಗೆ ಅವರ ಸ್ಪರ್ಧೆಯಲ್ಲಿ ಬಹುಮಾನವೇ ಇರಲಿಲ್ಲ. ನನ್ನ ಗಂಡನ ಹಳೆಯ ಕೋಟನ್ನು ತಾವೇ ಕತ್ತರಿಸಿ ಮೊಮ್ಮಗಳ ಅಳತೆಗೆ ಹೊಲಿದುಕೊಟ್ಟರು.

ಮ್ಯೂಸಿಯಂ ದಿನ ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ ಅವರ ಫೋನ್ ಬಂತು.

"ಕೂಸಿನ ಕೋಟಿನ ಕಿಸೇದಾಗ ಒಂದು ಪಿಸ್ತೂಲು ಇಟ್ಟೀನಿ ನೋಡವಾ. ರಟ್ಟಿಂದು. ಬೂಟ್ ಪಾಲಿಶ್ ಹಚ್ಚಿ ಖರೇ ಪಿಸ್ತೂಲಿನಂಗ ಮಾಡೀನಿ. ಕ್ರಾಂತಿಕಾರಿ ಅಂದಮ್ಯಾಲ ಬರಿಗೈಲೆ ನಿಂದ್ರಾಕ ಆಗ್ತದೇನು?"

ಆಟಿಕೆ ಪಿಸ್ತೂಲು ಹಿಡಿದಿದ್ದ ಮಗುವೊಂದಕ್ಕೆ ಪೊಲೀಸರು ಗುಂಡು ಹೊಡೆದ ಸುದ್ದಿಯನ್ನು ಟೀವಿಯಲ್ಲಿ ನೋಡಿ ನಿದ್ದೆಗೆಟ್ಟವಳು ನಾನು. ಆ ಮಗುವೂ ಬಿಳಿಯರ ಮಗುವಲ್ಲ. ಮಾವನವರ ಮೇಲೆ ರೇಗಬೇಕೆನಿಸಿತು, ಏನೆಂದು ರೇಗಲಿ? "ಆಯ್ತು ಮಾವ" ಎಂದು ಫೋನಿಟ್ಟೆ. ಶಾಲೆಯ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ನಾನು ಎಷ್ಟೇ ನಯವಾಗಿ ಹೇಳಿದರೂ ಅವರ ಕಿವಿಗೆ ಬೀಳುವುದು ಪಿಸ್ತೂಲು, ರಟ್ಟಲ್ಲ.

ಕಾರು ಓಡಿಸಿದ್ದು ನೆನಪಿಲ್ಲ. ಮ್ಯೂಸಿಯಂ ನಡೆಯುತ್ತಿದ್ದ ಜಿಮ್ ಬಾಗಿಲಲ್ಲಿ ಶಾಲೆಯ ಕಾವಲಿನ ಪೊಲೀಸ್ ಒಬ್ಬ ನಿಂತಿದ್ದ, ಸೊಂಟದಲ್ಲಿ ನಿಜವಾದದ್ದು. ನನ್ನನ್ನು ನೋಡಿ ನಕ್ಕ. ನಾನೂ ನಕ್ಕೆ. ಓಡಬೇಡ, ಓಡಬೇಡ ಎಂದು ನನಗೇ ಹೇಳಿಕೊಳ್ಳುತ್ತ ಒಳಗೆ ಹೋದೆ. ಮಗಳು ಗೋಡೆಯ ಪಕ್ಕ ನಿಂತಿದ್ದಳು, ಬಲಗೈ ಕೋಟಿನ ಜೇಬಿನಲ್ಲಿ. ಯಾರೋ ವಯಸ್ಸಾದ ಹೆಂಗಸು ಗುಂಡಿ ಒತ್ತಿದಳು. ಮಗಳು ಪಟಪಟನೆ ಒಪ್ಪಿಸತೊಡಗಿದಳು. ಮಾತಿನ ಭರದಲ್ಲಿ ಜೇಬಿನ ಕೈ ಅಲುಗಿದಾಗಲೆಲ್ಲ ನಾನು ಬಾಗಿಲಲ್ಲಿದ್ದ ಪೊಲೀಸನ ಕಡೆ ನೋಡುತ್ತಿದ್ದೆ. ಅಷ್ಟು ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಆಕೆ ಹೋದ ಮೇಲೆ ನಾನು ಬಗ್ಗಿ ಮೆಲ್ಲಗೆ, "ಕೈ ಹೊರಗೆ ತೆಗೀಬೇಡ ಪುಟ್ಟಿ. ಹಾಗೇ ನನ್ ಜೊತೆ ಬಾ" ಅಂದೆ.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, ಬಾಗಿಲ ಕಡೆ ಒಮ್ಮೆ ನೋಡಿ, ಕನ್ನಡದಲ್ಲಿ ಪಿಸುಗುಟ್ಟಿದಳು. "ಅದು ಇಲ್ಲಿಲ್ಲಮ್ಮ. ಬೆಳಿಗ್ಗೇನೇ ಬೆಡ್ ಕೆಳಗೆ ಇಟ್ಟು ಬಂದೆ. ಅಜ್ಜಂಗೆ ಹೇಳ್ಬೇಡ, ಬೇಜಾರಾಗತ್ತೆ."

ಆದರೂ ಜೇಬಿಗೆ ಕೈ ಹಾಕಿ ನೋಡಿದೆ. ಅವಳ ಮುಷ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಹೋದ ಜೀವ ಬಂದಂತಾಯಿತು.

"ಟೀಚರ್ ಬೇಡ ಅಂದಿದ್ರಾ?" ಎಂದು ಕೇಳಿದೆ.

"ಇಲ್ಲ. ಬೇರೆ ಮಕ್ಳು ಹಿಡ್ಕೊಂಡ್ರೆ ಆಟದ್ದು ಅಂತಾರೆ. ನಾನು ಹಿಡ್ಕೊಂಡ್ರೆ ನಿಜದ್ದು ಅನ್ಕೋತಾರೆ."

ಅವಳಿಗಾಗ ಹತ್ತು ವರ್ಷ. ಇದನ್ನು ನಾನು ಅವಳಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ.