ಚಿಕ್ಕಪ್ಪನ ಫೋನಿನ ಬ್ಯಾಕಪ್

ಮದುವೆಯಾಗೋಣವೇ ಎಂದು ಮೊದಲು ಕೇಳಿದವಳು ಚಿಕ್ಕಮ್ಮ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹಬ್ಬಕ್ಕೆ ನಾಲ್ಕು ಜನ ಸೇರಿದರೆ ಸಾಕು, "ಮೇಲೆ ಬಿದ್ದು ಕಟ್ಕಂಡೋಳು" ಎಂದು ಯಾರಾದರೂ ಕಾಲೆಳೆಯುತ್ತಾರೆ. ಅವಳೂ ನಗುತ್ತಾಳೆ, ಆದರೆ ಅವಳಿಗೆ ಅದು ಚುಚ್ಚುತ್ತದೆ. "ಮೊದ್ಲು ಮೆಸೇಜ್ ಹಾಕ್ದೋನು ನಾನು ಕಣ್ರೋ" ಎಂದು ಚಿಕ್ಕಪ್ಪ ಎಷ್ಟು ಹೇಳಿದರೂ ನಂಬುವವರಿಲ್ಲ. ಅವಳೂ ನಂಬಿರಲಿಲ್ಲ.

ಈ ಸಲ ಹಾನುಬಾಳಿನ ಅವರ ಮನೆಗೆ ಹೋದಾಗ ಚಿಕ್ಕಪ್ಪ ಅಟ್ಟದಿಂದ ಹಳೆ ಕಂಪ್ಯೂಟರ್ ಇಳಿಸಿಟ್ಟಿದ್ದರು. ಆ ಕಾಲದ ಕೀಪ್ಯಾಡ್ ಫೋನನ್ನು ಮಾರುವ ಮೊದಲು ಅದರಲ್ಲಿದ್ದುದನ್ನೆಲ್ಲ ಇದಕ್ಕೆ ತುಂಬಿಸಿದ್ದರಂತೆ. ಆಲೂರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು ನಾನು. "ತೆಗಿ ಮಗಾ" ಎಂದರು. "ಅದ್ರಾಗೆ ಇಲ್ದಿದ್ರೆ ಇನ್ನು ಆ ಮಾತು ಎತ್ಬಾರ್ದು ನೀವು" ಎಂದು ಚಿಕ್ಕಮ್ಮ ಪಕ್ಕದಲ್ಲೇ ಕುಕ್ಕರಿಸಿದಳು.

ಇದ್ದದ್ದು ಒಂದೇ ಫೈಲು, ಅದರ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ನಾನು ಕಂಡು ಕೇಳರಿಯದ ಒಂದು ಬಾಲ. ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರ್ ನನ್ನನ್ನೇ ಕೇಳಿತು. ಮೊದಲು ಒಂದು ನಕಲು ಮಾಡಿಕೊಂಡೆ. ಅದರ ಬಾಲ ಕತ್ತರಿಸಿ ಜಿಪ್ ಎಂದು ಅಂಟಿಸಿದೆ, ಜಗ್ಗಲಿಲ್ಲ. ಫೋಟೋ ಎಂದೆ, ಅದಕ್ಕೂ ಇಲ್ಲ. ಬಾಲ ಬದಲಿಸಿದ ಮಾತ್ರಕ್ಕೆ ನಾಯಿ ಹಸುವಾಗುತ್ತದೆಯೇ? ಕೊನೆಗೆ ಬರೀ ಅಕ್ಷರ ತೋರಿಸುವ ನೋಟ್‌ಪ್ಯಾಡಿಗೆ ಎಳೆದು ಹಾಕಿದೆ. ಪರದೆ ತುಂಬ ಚೌಕ, ಗೀಟು, ಹಾಳುಮೂಳು. ಅದರ ನಡುವೆ ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ, ಆಗೆಲ್ಲ ಇಂಗ್ಲಿಷಿನಲ್ಲೇ ಒತ್ತುತ್ತಿದ್ದ ಕನ್ನಡ: m a d u v e.

ನನಗೆ ತಲೆ ತಿರುಗುವಷ್ಟು ಖುಷಿಯಾಯಿತು. ಕುರ್ಚಿಯಲ್ಲೇ ಕುಣಿದೆ.

ಆದರೆ ಅದು ಚಿಕ್ಕಮ್ಮನಿಂದ ಬಂದದ್ದು, ಭಾನುವಾರದ್ದು: ನಾವು ಮದುವೆ ಆಗೋಣ್ವಾ? ಚಿಕ್ಕಪ್ಪನ ಉತ್ತರ ಬರೀ ಹೂಂ. ಚಿಕ್ಕಮ್ಮ ಎದ್ದು ನಿಂತಳು. ಚಿಕ್ಕಪ್ಪನ ಮುಖ ಸಣ್ಣದಾಯಿತು. ನಾನು ಕೆಳಕ್ಕೆ ಹುಡುಕುತ್ತಲೇ ಹೋದೆ. ಹೋಗದೆ ಉಳಿದ ಮೆಸೇಜುಗಳೂ ಬ್ಯಾಕಪ್ಪಿನಲ್ಲಿ ಇರುತ್ತವೆ. ಅಂಥದ್ದು ಒಂದೇ ಒಂದಿತ್ತು, ಚಿಕ್ಕಮ್ಮನ ನಂಬರಿಗೆ, ಅದಕ್ಕೂ ಹಿಂದಿನ ಗುರುವಾರದ್ದು: ನನ್ನ ಮದುವೆ ಆಗ್ತೀಯಾ?

"ಡಬ್ಬದಾಗೆ ಇಟ್ಟಿದ್ನಲ್ಲ!" ಎಂದರು ಚಿಕ್ಕಪ್ಪ.

ಆಗ ಅವರು ಹೊಂಗಡಹಳ್ಳದ ಕಡೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅಲ್ಲಿ ಟವರ್ ಸಿಗುತ್ತಿದ್ದುದು ಸ್ಟೋರಿನ ಹಿಂದಿನ ಒಂದು ಸಿಲ್ವರ್ ಓಕ್ ಮರದ ಹತ್ತಿರ ಮಾತ್ರ. ಅದಕ್ಕೆ ತೂಗುಹಾಕಿದ್ದ ಡಬ್ಬದಲ್ಲಿ ಎಲ್ಲರೂ ಫೋನ್ ಇಟ್ಟು ಕೆಲಸಕ್ಕೆ ಹೋಗುತ್ತಿದ್ದರು, ಮೆಸೇಜು ತಾನಾಗಿ ಹೋಗಲಿ ಎಂದು. ಇವರೂ ಕಳಿಸುವ ಗುಂಡಿ ಒತ್ತಿ ಇಟ್ಟಿದ್ದರು. ಸಂಜೆ ಬಂದು ನೋಡಿದರೆ ಬ್ಯಾಟರಿ ಸತ್ತಿತ್ತು. ಹೋಗಿರುತ್ತದೆ ಎಂದುಕೊಂಡರು. ಭಾನುವಾರ ಬಂದದ್ದನ್ನು ತಮ್ಮ ಪ್ರಶ್ನೆಗೆ ಉತ್ತರ ಎಂದೇ ತಿಳಿದರು.

ಚಿಕ್ಕಮ್ಮ ಪರದೆಗೆ ಮುಖ ತಾಗಿಸಿ ಓದಿದಳು. ಮತ್ತೆ ಓದಿದಳು. "ಮೊದ್ಲೇ ಕೇಳಿದ್ರಾ ನೀವು" ಎಂದಳು, ಬಹಳ ಮೆತ್ತಗೆ. ಕಣ್ಣು ತುಂಬಿತ್ತು. ಚಿಕ್ಕಪ್ಪ ನಾಚಿಕೊಂಡು, ಕಾಫಿ ಹರಡಿದ್ದ ಕಣದ ಕಡೆ ಹೊರಟೇಬಿಟ್ಟರು.

ಸ್ವಲ್ಪ ಹೊತ್ತಿಗೆ ಅವಳ ಫೋನು ಸದ್ದು ಮಾಡಿತು. ಕಣದಿಂದಲೇ ಕಳಿಸಿದ್ದರು, ಅದೇ ಪ್ರಶ್ನೆಯನ್ನು. ಅವಳು ನೋಡಿ ಫೋನನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಉತ್ತರ ಕೊಡಲ್ವಾ ಚಿಕ್ಕಮ್ಮ?"

"ಭಾನುವಾರ ಕೊಡ್ತೀನಿ ಬಿಡು" ಎಂದಳು.