ಲೋಕೇಶನ ಫೈಲಿನಲ್ಲಿ ನಾನು ಬರೆದ ಸಾಲು

ಗಿರಿಜಮ್ಮ, ಜೈಲಿನಲ್ಲಿದ್ದ ನಿಮ್ಮ ತಮ್ಮ ಲೋಕೇಶನನ್ನು ಕಂಡು ಮಾತಾಡಿಸುವ ಹಕ್ಕು ನಮ್ಮ ದೇಶಕ್ಕಿತ್ತು. ಇಲ್ಲ ಅಂತ ಬರೆದವನು ನಾನು.

ಪರದೇಶದಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದವನು ಅಪಘಾತವೊಂದರಲ್ಲಿ ಸಿಕ್ಕಿಬಿದ್ದ, ಒಳಗೆ ಹಾಕಿದರು, ಯಾರನ್ನೂ ಹತ್ತಿರ ಬಿಡಲಿಲ್ಲ — ಇಷ್ಟು ನಿಮಗೆ ಗೊತ್ತು. ಗೊತ್ತಿಲ್ಲದ್ದು ಇದು. ಕೈದಿಯನ್ನು ನೋಡಲು ಅವನ ದೇಶದ ಅಧಿಕಾರಿಗಳನ್ನು ಬಿಡಲೇಬೇಕು ಎಂಬ ಒಪ್ಪಂದಕ್ಕೆ ಆ ದೇಶದವರೂ ಸಹಿ ಹಾಕಿದ್ದರು, ನಾವೂ ಹಾಕಿದ್ದೆವು. ಆದರೆ ಆಗ ಅವರ ಜೊತೆ ಕಚ್ಚಾ ತೈಲ ಖರೀದಿಯ ಮಾತುಕತೆ ನಡೆದಿತ್ತು. ದೆಹಲಿಯ ವಿದೇಶಾಂಗ ಕಚೇರಿಯಲ್ಲಿ ನಾನು ಕಾನೂನು ಅಧಿಕಾರಿ. ಅಲ್ಲಿನ ರೂಢಿ ಏನೆಂದರೆ — ಮೇಲಿನವರು ಮೊದಲು ತೀರ್ಮಾನ ಮಾಡುತ್ತಾರೆ, ಅದಕ್ಕೆ ತಕ್ಕ ಕಾನೂನನ್ನು ನಾವು ಆಮೇಲೆ ಹುಡುಕುತ್ತೇವೆ. ಸಾಹೇಬರು "ಈಗ ಇದನ್ನ ಎತ್ತೋದು ಬೇಡ" ಅಂದರು. "ಒತ್ತಾಯಿಸಲು ಕಾನೂನಿನ ಆಧಾರವಿಲ್ಲ" ಅಂತ ಬರೆದು ಕೊಟ್ಟು ಊಟಕ್ಕೆ ಹೋದೆ. ಹಸಿವೂ ಆಗಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ — ಥೂ, ಅದೇನು ಸಣ್ಣದಾ?

ರಜೆಗೆ ಬಾಣಾವರಕ್ಕೆ ಬಂದಿದ್ದೆ. ಅರಸೀಕೆರೆಯ ವಕೀಲರಿಂದ ಹೈಕೋರ್ಟಿಗೆ ಅರ್ಜಿ ಬರೆಸಿಕೊಂಡು, ಮಾದಿಹಳ್ಳಿಯಿಂದ ಬಸ್ ಬದಲಿಸಿ ಬದಲಿಸಿ ನಮ್ಮ ಮನೆಗೆ ಬಂದಿರಿ. "ನೀವು ನಮ್ ಕಡೆಯೋರು ಸಾರ್. ನೀವು ಬ್ಯಾಡ ಅಂದ್ರೆ ನಾನು ಕೋರ್ಟಿಗೆ ಹೋಗಾಕಿಲ್ಲ."

"ಬೇಡ ಕಣಮ್ಮ. ಕೋರ್ಟು ಅಂದ್ರೆ ಆ ದೇಶದೋರು ರೇಗ್ತಾರೆ. ಒಳಗಿಂದಲೇ ಪ್ರಯತ್ನ ನಡೀತಾ ಇದೆ."

ಯಾವ ಪ್ರಯತ್ನ! ಕೋರ್ಟು ಫೈಲು ತರಿಸಿದರೆ ನನ್ನ ಸಾಲು ಬಯಲಾಗುತ್ತಿತ್ತು — ಆ ಭಯ. ನೀವು ಅರ್ಜಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಿರಿ, ಕೈ ಮುಗಿದು ಹೋದಿರಿ. ಕೆಲವೇ ತಿಂಗಳಲ್ಲಿ ಲೋಕೇಶ ಜ್ವರ ಬಂದು ಅಲ್ಲೇ ಸತ್ತ. ಒಬ್ಬ ಅಧಿಕಾರಿ ಹೋಗಿ ನೋಡಿದ್ದರೆ, ಆಸ್ಪತ್ರೆಗಾದರೂ...

ಮುಂದೆ ನಮಗೆ ಆಗಿಬರದ ಬೇರೊಂದು ದೇಶ ನಮ್ಮವನೊಬ್ಬನನ್ನು ಹಿಡಿದಿಟ್ಟಿತು. ಆಗ ಅದೇ ಒಪ್ಪಂದದ ಮೇಲೆ ಪುಟಗಟ್ಟಲೆ ಬರೆದೆ. ಎಲ್ಲರೂ ಹೊಗಳಿದರು. ಅಂತರರಾಷ್ಟ್ರೀಯ ಕಾನೂನು ಅಂದರೆ ನಮಗೆ ಅಷ್ಟೇ ಗಿರಿಜಮ್ಮ — ಬೇಕಾದಾಗ ತೆಗೆಯೋದು, ಬೇಡವಾದಾಗ ಮುಚ್ಚಿಡೋದು. ಅದು ಬದಲಾಗುತ್ತದೆ ಅನ್ನುವ ನಂಬಿಕೆ ನನ್ನಲ್ಲಿ ಉಳಿದಿಲ್ಲ.

ಮೊನ್ನೆ ಫೋನ್ ಮಾಡಿ ತಿಥಿಗೆ ಕರೆದಿರಿ. "ನಮ್ ಲೋಕೇಶಂಗೋಸ್ಕರ ಓಡಾಡಿದೋರು ನೀವೊಬ್ರೇ ಸಾರ್. ಮೊದಲನೇ ಪಂಕ್ತೀಲಿ ನೀವು ಕೂರಬೇಕು" ಅಂದಿರಿ. ಹೂಂ ಅಂದು ಫೋನ್ ಇಟ್ಟು, ಈ ಕಾಗದ ಬರೆಯಲು ಕೂತೆ.

ಬರುತ್ತೇನೆ, ಊಟಕ್ಕಲ್ಲ. ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟು, ನೀವು ಓದಿ ಮುಗಿಸುವವರೆಗೂ ಅಂಗಳದಲ್ಲೇ ನಿಂತಿರುತ್ತೇನೆ.