ಚಿನ್ನಯ್ಯಣ್ಣ ಕೊಪ್ಪರಿಗೆ ತೊಳೆದದ್ದು

ಸಿದ್ಧಕಟ್ಟೆಯ ಚಿನ್ನಯ್ಯಣ್ಣ ಮೂವತ್ತೊಂದು ವರ್ಷದಿಂದ ಮದುವೆ, ಗೃಹಪ್ರವೇಶಗಳ ಅಡುಗೆ ಹಿಡಿಯುವವರು. ತಂಡದಲ್ಲಿ ನಾವು ಆರು ಮಂದಿ. ನಾನು ಗಂಡ ತೀರಿಹೋದ ವರ್ಷ ಸೇರಿದ್ದು. ಹದಿನೆಂಟು ವರ್ಷದಿಂದ ಕಾಯಿ ತುರಿಯುತ್ತಿದ್ದೇನೆ.

ಕೊನೆಯ ಪಂಕ್ತಿ ಏಳುವವರೆಗೆ ಚಿನ್ನಯ್ಯಣ್ಣ ಒಂದು ತೊಟ್ಟೂ ಬಾಯಿಗೆ ಹಾಕುವುದಿಲ್ಲ. ಉಪ್ಪು, ಹುಳಿ ಹಬೆಯ ವಾಸನೆಯಲ್ಲೇ ಗೊತ್ತಾಗುತ್ತದೆ ಎನ್ನುವುದು ಅವರ ಅಭಿಮಾನ. ಗೊತ್ತಾಗುತ್ತಲೂ ಇತ್ತು. ದೇವರಿಗೆ ಎಡೆ ತೆಗೆದಿಟ್ಟ ಮೇಲೆ ನಮ್ಮ ಅಂಗೈಗೆ ಒಂದೊಂದು ತೊಟ್ಟು ಸಾಂಬಾರು ಬಿಟ್ಟು, "ಲಾಯ್ಕುಂಟಲ್ಲ?" ಎಂದು ಕೇಳುತ್ತಿದ್ದರು. ನಾವು ಲಾಯ್ಕುಂಟು ಎನ್ನುತ್ತಿದ್ದೆವು. ಬಡಿಸುವ ಸಂದೇಶ, ಎರಡು ಮಕ್ಕಳ ತಂದೆ, ಒಮ್ಮೆ ಮಾತ್ರ "ಉಪ್ಪು ಸ್ವಲ್ಪ ಜಾಸ್ತಿ" ಎಂದ. ಮುಂದಿನ ಮೂರು ಊಟಕ್ಕೆ ಅವನಿಗೆ ಕೊಪ್ಪರಿಗೆ ತೊಳೆಯುವ ಕೆಲಸ ಬಿತ್ತು. ಅಲ್ಲಿಂದ ಅವನಿಗೂ ಎಲ್ಲವೂ ಲಾಯ್ಕಾಯಿತು.

ಹೋದ ವರ್ಷ ಚಿನ್ನಯ್ಯಣ್ಣನಿಗೆ ಜ್ವರ ಬಂದು ಹೋಯಿತು. ಮೂಗಿಗೆ ವಾಸನೆ ತಿಳಿಯುವುದೂ ಅದರ ಜೊತೆ ಹೋಯಿತು. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಕಲ್ಲಡ್ಕದ ಗೃಹಪ್ರವೇಶದಲ್ಲಿ ಸಾರು ಉಪ್ಪಾಯಿತು. ಚಾರ್ಮಾಡಿಯಲ್ಲಿ ಪಾಯಸ ಅಡಿ ಹಿಡಿಯಿತು. ಎರಡೂ ಮನೆಯವರು ಮುಂದಿನ ಕಾರ್ಯಕ್ಕೆ ಬೇರೆಯವರನ್ನು ಕರೆದರು.

"ಜನಕ್ಕೆ ಈಗ ನಾಲಿಗೆಯೇ ಇಲ್ಲ ಅಕ್ಕ" ಎಂದರು ಚಿನ್ನಯ್ಯಣ್ಣ.

ಆಮೇಲೆ ಬಂದದ್ದು ಮೂಡುಬಿದಿರೆಯ ಸ್ವರ್ಣಲತಾ ಅವರ ಮಗಳ ನಿಶ್ಚಿತಾರ್ಥ. ಊಟ ಹಿಡಿಸಿದರೆ ಮದುವೆಯ ಅಡುಗೆಯೂ ನಿಮಗೇ ಎಂದಿದ್ದರು. ಅದೂ ತಪ್ಪಿದರೆ ತಂಡ ಉಳಿಯುವುದಿಲ್ಲವೆಂದು ನಮ್ಮ ತಂಡದ ಪದ್ಮಾಕ್ಷಿ ತನ್ನ ಹಳೆಯ ಬೀಡಿ ಕಟ್ಟುವ ಮೊರವನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದಳು.

ಅಂಗೈಗೆ ಸಾಂಬಾರು ಬಿತ್ತು.

"ಲಾಯ್ಕುಂಟಲ್ಲ?"

"ಲಾಯ್ಕುಂಟು" ಎಂದಳು ಪದ್ಮಾಕ್ಷಿ.

"ಭಾರೀ ಲಾಯ್ಕುಂಟು" ಎಂದ ಸಂದೇಶ, ನೆಲ ನೋಡಿಕೊಂಡು.

"ಇಲ್ಲ" ಎಂದೆ ನಾನು. "ಉಪ್ಪು ಎರಡು ಹಿಡಿ ಹೆಚ್ಚುಂಟು."

ಸೌಟು ನಿಂತಿತು.

"ಅಕ್ಕ, ನಿಮ್ಮ ನಾಲಿಗೆ ಸರಿ ಉಂಟಾ?"

"ನಾಲಿಗೆ ಸರಿ ಉಂಟು. ನಿಮ್ಮ ಮೂಗು ಸರಿ ಇಲ್ಲ. ಕಲ್ಲಡ್ಕದಲ್ಲೂ ಹೀಗೇ ಆದದ್ದು, ಚಾರ್ಮಾಡಿಯಲ್ಲೂ ಹೀಗೇ."

"ಆವತ್ತೇ ಹೇಳ್ಲಿಕ್ಕೆ ಏನಾಗಿತ್ತು ನಿಮಗೆ?"

"ಕೊಪ್ಪರಿಗೆ ದೊಡ್ಡದು. ನನ್ನ ಸೊಂಟ ಬಗ್ಗುವುದಿಲ್ಲ."

ಸಂದೇಶ ಕೆಮ್ಮಿದ. ಚಿನ್ನಯ್ಯಣ್ಣ ಅವನನ್ನೊಮ್ಮೆ, ಕೊಪ್ಪರಿಗೆಯನ್ನೊಮ್ಮೆ ನೋಡಿದರು.

"ಈಗ ಏನು ಮಾಡುವ?"

ಹದಿನೆಂಟು ವರ್ಷದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು. ಇನ್ನೆರಡು ಕುಂಬಳಕಾಯಿ ಹೆಚ್ಚಿ, ಬೇಳೆ ಬೇಯಿಸಿ, ಕಾಯಿ ಅರೆದು ಸೇರಿಸಿದೆವು. ದೇವರಿಗೆ ಹೋದ ಎಡೆ ಉಪ್ಪಾಗಿಯೇ ಹೋಯಿತು. ಊಟ ನಲವತ್ತು ನಿಮಿಷ ತಡವಾಯಿತು. ಸ್ವರ್ಣಲತಾ ಅವರು ತಡವಾದದ್ದಕ್ಕೆ ಬೈದರು, ಸಾಂಬಾರಿಗೆ ಬೈಯಲಿಲ್ಲ.

ಪಂಕ್ತಿ ಎದ್ದ ಮೇಲೆ ಸಂದೇಶ ತಾನಾಗಿಯೇ ತೆಂಗಿನ ನಾರು ಹಿಡಿದು ಕೊಪ್ಪರಿಗೆಯತ್ತ ನಡೆದ. ಚಿನ್ನಯ್ಯಣ್ಣ ನಾರನ್ನು ಕಿತ್ತುಕೊಂಡರು.

"ಇನ್ನು ಅಡುಗೆಯಲ್ಲಿ ತಪ್ಪು ಸಿಕ್ಕಿದ ದಿನ ತೊಳೆಯುವುದು ನಾನು, ಮಾರಾಯ."

ಆಮೇಲಿನ ಮೂರು ಊಟಗಳಲ್ಲಿ ಸಂದೇಶನಿಗೆ ಎಲ್ಲದರಲ್ಲೂ ತಪ್ಪು ಸಿಕ್ಕಿತು, ಕುಡಿಯುವ ನೀರಿನಲ್ಲೂ. ಚಿನ್ನಯ್ಯಣ್ಣ ಮೂರು ಸಲವೂ ತೊಳೆದರು. ನಾಲ್ಕನೆಯ ಊಟಕ್ಕೆ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕೊಪ್ಪರಿಗೆಯ ಇನ್ನೊಂದು ಬದಿ ಹಿಡಿದ.

ಸ್ವರ್ಣಲತಾ ಅವರ ಮಗಳ ಮದುವೆಯ ಅಡುಗೆ ನಮಗೇ ಬಂತು. ಪದ್ಮಾಕ್ಷಿ ಮೊರವನ್ನು ಅಟ್ಟಕ್ಕೆ ಹಾಕಿದಳು. ಮದುವೆಯ ದಿನ ಚಿನ್ನಯ್ಯಣ್ಣ ಅಂಗೈಗೆ ಸಾಂಬಾರಿನ ತೊಟ್ಟು ಬಿಟ್ಟು, "ಏನು ಕಮ್ಮಿ?" ಎಂದು ಕೇಳಿದರು.

"ಬೆಲ್ಲ" ಎಂದೆವು ಎಲ್ಲರೂ.

ಅವರು ಬೆಲ್ಲ ಹಾಕಿ, ನಾರು ಎಲ್ಲಿದೆಯೆಂದು ಹುಡುಕಿದರು.